ಹಳೆಯ ನೀರಿನ ತೊಟ್ಟಿ: ದುರಸ್ತಿಯೋ, ಹೊಸದೋ?

ಪಂಪಿನ ನೀರು ತುಂಬಿಡಲು ಹೊಲದಲ್ಲಿ ಕಟ್ಟಿದ ಕಲ್ಲು-ಸಿಮೆಂಟಿನ ತೊಟ್ಟಿ ಸೋರತೊಡಗಿದರೆ ಬಹುತೇಕ ರೈತರು ಒಳಗೆ ಮತ್ತೊಂದು ಗಿಲಾವು ಮಾಡಿಸುತ್ತಾರೆ. ಮರುವರ್ಷ ಅದೇ ಬಿರುಕು, ಅದೇ ಖರ್ಚು. ಕಾರಣ ತಿಳಿಯದೆ ಗಿಲಾವಿಗೆ ಕೈ ಹಾಕಬಾರದೆಂಬುದು ನನ್ನ ಅಭಿಪ್ರಾಯ.

ಮೊದಲು ಸೋರಿಕೆಯನ್ನು ಅಳೆಯಿರಿ. ತೊಟ್ಟಿಯೊಳಗೆ ಕಲ್ಲಿನ ಮೇಲೆ ಒಂದು ಬಕೀಟು ಇಟ್ಟು, ಒಳಗೂ ಹೊರಗೂ ಒಂದೇ ಮಟ್ಟಕ್ಕೆ ನೀರು ತುಂಬಿ ಗುರುತು ಹಾಕಿರಿ. 24 ಗಂಟೆ ನೀರು ಬಿಡಬೇಡಿ, ತೆಗೆಯಬೇಡಿ. ಬಕೀಟಿನಲ್ಲಿ ಇಳಿದದ್ದು ಆವಿಯಾದ ನೀರು. ತೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆ. 6 ಮೀಟರ್ ಉದ್ದ, 4 ಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂ.ಮೀ. ಎಂದರೆ 240 ಲೀಟರ್.

ಆಮೇಲೆ ಬಿರುಕನ್ನು ಪರೀಕ್ಷಿಸಿರಿ. ಹೊರಗಡೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಸಿಮೆಂಟ್ ಪಟ್ಟಿ ಹಚ್ಚಿ ತಾರೀಖು ಬರೆದಿಡಿ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಆದ್ದರಿಂದ ಒಂದು ಮಳೆಗಾಲ, ಒಂದು ಬೇಸಿಗೆ ಕಾಯುವುದು ಒಳ್ಳೆಯದು. ಪಟ್ಟಿ ಒಡೆಯದಿದ್ದರೆ ಬಿರುಕನ್ನು ಕೆತ್ತಿ ತುಂಬಿ ಗಿಲಾವು ಮಾಡಿಸಿರಿ. ಹೊಸ ತೊಟ್ಟಿ ಬೇಡ. ಒಡೆದರೆ ತಳಪಾಯವೇ ಅಲುಗುತ್ತಿದೆ. ಗಿಲಾವಿನ ಹಣ ನೀರಿನಲ್ಲಿ ಹೋಮ. ಆಗ ಗಟ್ಟಿ ಗರಸಿನವರೆಗೆ ಅಗೆದು ಹೊಸದಾಗಿ ಕಟ್ಟುವುದೇ ಲಾಭ.

ಗೋಡೆ ಹೊರಕ್ಕೆ ಉಬ್ಬಿದ್ದರೆ ಮಾತ್ರ ಕಾಯಬೇಡಿ, ಕೂಡಲೇ ಖಾಲಿ ಮಾಡಿರಿ. ಅದೇ ತೊಟ್ಟಿಯಲ್ಲಿ ಒಂದೂವರೆ ಮೀಟರ್ ನೀರಿನ ತೂಕ 36 ಟನ್. ಅದರ ಪಕ್ಕದಲ್ಲೇ ದನ ಕಟ್ಟುತ್ತೇವೆ, ಮಕ್ಕಳು ಆಡುತ್ತಾರೆ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದವರು ಬಂಡೆಯ ನಡುವಿನ ಜಾಗ ಆರಿಸಿದರು. ನಮ್ಮ ಸಣ್ಣ ತೊಟ್ಟಿಗೂ ಅದೇ ಪಾಠ: ಮೊದಲು ತಳ, ನಂತರ ಗೋಡೆ.