ಮೀಟರ್ ಬದಲಾಗಲಿ, ಲೆಕ್ಕ ತಪ್ಪದಿರಲಿ
1999ರಲ್ಲಿ ಬಂದ ಹೋಂಡಾ ಎಸ್‌2000 ಸ್ಪೋರ್ಟ್ಸ್ ಕಾರಿನ ಡಿಜಿಟಲ್ ಮೀಟರಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಎಂಜಿನ್ ನಿಮಿಷಕ್ಕೆ 9000 ಸುತ್ತಿನತ್ತ ಏರುವಾಗ ಬಾಗಿದ ಪಟ್ಟಿ ಬೆಳಗುತ್ತ ಹೋಗುವ ಸೊಗಸೇ ಬೇರೆ. ಆ ಮೀಟರನ್ನು ಹೋಂಡಾದ್ದೇ ಹಳೆಯ ಸಿವಿಕ್, ಇಂಟೆಗ್ರಾ ಕಾರುಗಳಿಗೆ ಕೂರಿಸುವವರ ಕೈಚಳಕ ಮೆಚ್ಚತಕ್ಕದ್ದೇ. ಆದರೆ ವೈರು ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಟ್ಯಾಂಕಿನ ಸೆನ್ಸರ್ ಹೊಂದದಿದ್ದರೆ ಪೆಟ್ರೋಲಿನ ಮಟ್ಟ ತಪ್ಪು ತೋರಿಸುತ್ತದೆ. ಓಡೊಮೀಟರಿನಲ್ಲಿ ಬೇರೆ ಕಾರಿನ ಓಟವೇ ಉಳಿದಿರುತ್ತದೆ. ಅದಕ್ಕೇ ಅಮೆರಿಕದ ಕಾನೂನು, ಹಿಂದಿನ ಅಂಕಿ ಉಳಿಸಲಾಗದಿದ್ದರೆ ಓಡೊಮೀಟರನ್ನು ಸೊನ್ನೆಗೆ ತಂದು, ಹಳೆಯ ಓಟವನ್ನೂ ಬದಲಿಸಿದ ದಿನಾಂಕವನ್ನೂ ಬರೆದು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕೆನ್ನುತ್ತದೆ. ನೀವು ಎಲ್ಲೇ ಮೀಟರ್ ಬದಲಿಸಿದರೂ ಇವೆರಡನ್ನೂ ಬರೆದಿಡಿ. ನಾಳೆ ಆ ಕಾರು ಕೊಳ್ಳುವವರಿಗೆ ನಿಜ ತಿಳಿಯುವ ಹಕ್ಕಿದೆ.