ಬಸುರಿಯ ಸುಸ್ತು: ಥೈರಾಯ್ಡ್ ಇರಬಹುದೇ?

‘ಬಸುರಿ ಅಂದ್ಮೇಲೆ ಸುಸ್ತು ಇದ್ದದ್ದೇ’ ಅಂತ ನೀವೂ ಹೇಳಿರಬಹುದು. ಆದರೆ ಅದು ಥೈರಾಯ್ಡ್ ಹಾರ್ಮೋನಿನ ಕೊರತೆಯೂ ಆಗಿರಬಹುದು. ಮೊದಲ ಮೂರು ತಿಂಗಳು ಮಗುವಿನ ಮಿದುಳು ಬೆಳೆಯಲು ತಾಯಿಯ ಹಾರ್ಮೋನೇ ಆಧಾರ. ಚಿಕಿತ್ಸೆ ಸಿಗದಿದ್ದರೆ ಗರ್ಭಪಾತ, ಏರುವ ರಕ್ತದೊತ್ತಡ, ದಿನ ತುಂಬುವ ಮೊದಲೇ ಹೆರಿಗೆಯ ಅಪಾಯ ಹೆಚ್ಚು.

ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಎಲ್ಲ ಗರ್ಭಿಣಿಯರಿಗೂ ಟಿಎಸ್‌ಎಚ್ ಪರೀಕ್ಷೆ ಹೇಳಿಲ್ಲ. ಹಿಂದೆ ಮತ್ತೆ ಮತ್ತೆ ಗರ್ಭಪಾತವಾದವರು, ಗಳಗಂಡ ಅಥವಾ ಬೊಜ್ಜು ಇರುವವರು, ಮನೆತನದಲ್ಲಿ ಥೈರಾಯ್ಡ್ ತೊಂದರೆ ಇರುವವರು ಮುಂತಾದವರಿಗೆ ಮಾತ್ರ. ತೊಡಕಿರುವುದು ಇಲ್ಲೇ. ಹುಬ್ಬಳ್ಳಿ-ಧಾರವಾಡದಲ್ಲಿರುವ ನಿಮಗೆ ಲ್ಯಾಬ್ ಹತ್ತಿರ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಯಲ್ಲಿರುವ ನಿಮ್ಮ ತಂಗಿಯೋ ನಾದಿನಿಯೋ ಅತ್ತೆಯ ಎದುರು ಸಂಕೋಚಪಟ್ಟು ಹಳೆಯ ಗರ್ಭಪಾತದ ಮಾತು ಎತ್ತದಿದ್ದರೆ ಪರೀಕ್ಷೆಯೇ ತಪ್ಪಿಹೋಗಬಹುದು.

ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ಎಲ್ಲ ಹೇಳಲಿ. ಪ್ರತಿ ತಿಂಗಳ 9ರ ಉಚಿತ ತಪಾಸಣೆ ನಾಲ್ಕನೇ ತಿಂಗಳಿನಿಂದಾಚೆಗೆ. ಅಲ್ಲಿವರೆಗೆ ಕಾಯುವುದು ಬೇಡ.

ವೈದ್ಯರು ಗುಳಿಗೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಚಹಾಕ್ಕಿಂತ ಅರ್ಧ ತಾಸು ಮುಂಚೆ ನುಂಗಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸಿನ ಅಂತರವಿರಲಿ. ತಾವಾಗಿಯೇ ನಿಲ್ಲಿಸಬಾರದು.

ಇವತ್ತೇ ಅವಳಿಗೊಂದು ಫೋನ್ ಮಾಡ್ತೀರಲ್ಲ?