ಆರ್ಕೆಸ್ಟ್ರಾ ಕೊಡುವ ಸರ್ಟಿಫಿಕೇಟು ಯಾರಿಗೆ ಬೇಕು?

ಸಾಹಿತ್ಯದ ಗೆಳೆಯರ ನಡುವೆ ಜೆಫ್ ಮಿಲ್ಸ್ ಹೆಸರು ಎತ್ತಿದಾಗಲೆಲ್ಲ ನಾನು ಒಂದೇ ನಾಟಕ ನೋಡುತ್ತೇನೆ. ಡಿಜೆ ಎಂದ ಕೂಡಲೇ ಒಂದು ನಗು: 'ಬೇರೆಯವರ ಹಾಡು ಹಾಕಿ ಗುಂಡಿ ಒತ್ತುವವನೂ ಕಲಾವಿದನೇ?' ಆಮೇಲೆ, ಈತ 2005ರಲ್ಲಿ ಫ್ರಾನ್ಸಿನ ಪುರಾತನ ರೋಮನ್ ಮೇಲ್ಗಾಲುವೆ ಪೋಂ ದ್ಯು ಗಾರ್ ಬಳಿ ಮೋಂಪೆಲಿಯೆ ಫಿಲಾರ್ಮೋನಿಕ್ ಜೊತೆ ತನ್ನ ಕೃತಿಗಳನ್ನು ನುಡಿಸಿದ, ಫ್ರೆಂಚ್ ಸರ್ಕಾರ ಗೌರವ ಕೊಟ್ಟಿದೆ ಎಂದರೆ ನಗು ನಿಲ್ಲುತ್ತದೆ. 'ಓ, ಹಾಗಾದರೆ ಗಂಭೀರ ಸಂಗೀತಗಾರನೇ ಬಿಡಿ.' ಆ ನಗುವನ್ನು ನಾನು ಸಹಿಸಬಲ್ಲೆ. ಸಹಿಸಲಾಗದ್ದು ಈ ದಿಢೀರ್ ಗೌರವವನ್ನು.

ಯಾಕೆಂದರೆ ಈ ಗೌರವ 2005ಕ್ಕೆ ಮೊದಲಿನ ಇಪ್ಪತ್ತು ವರ್ಷಗಳನ್ನು ಬರೀ ಪೂರ್ವಸಿದ್ಧತೆ ಎಂದು ತಳ್ಳಿಹಾಕುತ್ತದೆ. ನಿಜವಾದ ಕೆಲಸ ನಡೆದದ್ದೇ ಅಲ್ಲಿ.

ಮಿಲ್ಸ್ ಹುಟ್ಟಿದ್ದು 1963ರಲ್ಲಿ, ಕಾರುಗಳ ಊರು ಡೆಟ್ರಾಯಿಟ್‌ನಲ್ಲಿ. 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಆ ಊರಿನ ಜನಸಂಖ್ಯೆ 1990ರ ಹೊತ್ತಿಗೆ ಹತ್ತು ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾರ್ಖಾನೆಗಳು ಮುಚ್ಚಿದವು, ಬಿಳಿಯರು ಉಪನಗರಗಳಿಗೆ ಹೋದರು, ಖಾಲಿ ಕಟ್ಟಡಗಳ ನಡುವೆ ಕಪ್ಪು ಜನ ಉಳಿದರು. ಆ ಊರಿನ ರೇಡಿಯೋದಲ್ಲಿ 1980ರ ದಶಕದಲ್ಲಿ 'ದಿ ವಿಝರ್ಡ್' ಎಂಬ ಹೆಸರಿನಲ್ಲಿ ರಾತ್ರಿಗಳನ್ನು ಆಳಿದವನು ಮಿಲ್ಸ್. ಬಳಿಕ ಮೈಕ್ ಬ್ಯಾಂಕ್ಸ್ ಜೊತೆ ಸೇರಿ 'ಅಂಡರ್‌ಗ್ರೌಂಡ್ ರೆಸಿಸ್ಟನ್ಸ್' ಕಟ್ಟಿದ. ದೊಡ್ಡ ಕಂಪನಿಗಳ ಹಂಗು ಬೇಡ, ಮುಖ ಮಾರಿಕೊಳ್ಳುವುದು ಬೇಡ, ರೆಕಾರ್ಡು ನಾವೇ ಮಾಡೋಣ, ನಾವೇ ಹಂಚೋಣ ಎಂಬುದು ಅವರ ಪಟ್ಟು. ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ಫೋಟೋಗೆ ನಿಂತವರು ಅವರು. 1992ರಲ್ಲಿ ಮಿಲ್ಸ್ ತನ್ನದೇ 'ಆ್ಯಕ್ಸಿಸ್' ಲೇಬಲ್ ಶುರು ಮಾಡಿದ. ಮೂರು ದಶಕ ಕಳೆದರೂ ಅದು ಅವನ ಕೈಯಲ್ಲೇ ಇದೆ. ನಮ್ಮಲ್ಲಿ ಸಣ್ಣ ಪತ್ರಿಕೆಯನ್ನು ಹತ್ತು ವರ್ಷ ನಡೆಸಿದವರನ್ನು ಕೇಳಿ, ಇದರ ಅರ್ಥ ಅವರಿಗೆ ಗೊತ್ತಾಗುತ್ತದೆ.

ಇನ್ನು 'ಗುಂಡಿ ಒತ್ತುವ' ಮಾತು. ಒಂದು ರೆಕಾರ್ಡಿನ ವೇಗಕ್ಕೆ ಇನ್ನೊಂದರ ವೇಗವನ್ನು ಕೂದಲೆಳೆಯಷ್ಟೂ ಜಾರದಂತೆ ಹೊಂದಿಸಬೇಕು. ಒಂದು ಕಿವಿಯಲ್ಲಿ ಸಭೆ ಕೇಳುತ್ತಿರುವ ಸಂಗೀತ, ಇನ್ನೊಂದರಲ್ಲಿ ಹೆಡ್‌ಫೋನಿನೊಳಗೆ ಮುಂದೆ ಬರಬೇಕಾದದ್ದು. ಎರಡು ಟರ್ನ್‌ಟೇಬಲ್‌ಗೇ ಹಲವರು ಸುಸ್ತಾಗುತ್ತಾರೆ, ಮಿಲ್ಸ್ ಮೂರನ್ನು ಬಳಸಿದ. 1995ರಲ್ಲಿ ಟೋಕಿಯೋದ ಲಿಕ್ವಿಡ್ ರೂಮ್ ಕ್ಲಬ್ಬಿನಲ್ಲಿ ನುಡಿಸಿದ್ದು ಮರುವರ್ಷ ಆಲ್ಬಂ ಆಗಿ ಬಂತು. ಒಂದು ಗಂಟೆಗೆ ತುಸು ಹೆಚ್ಚಿನ ಅವಧಿಯಲ್ಲಿ ಮೂವತ್ತಕ್ಕೂ ಹೆಚ್ಚು ರೆಕಾರ್ಡುಗಳು. ಅಲ್ಲಲ್ಲಿ ಕೈ ಜಾರಿದ್ದು, ಮತ್ತೆ ಹಿಡಿದದ್ದು ಎಲ್ಲವೂ ಕೇಳಿಸುತ್ತದೆ. ಯಂತ್ರ ತಾನಾಗಿ ನುಡಿದಿದ್ದರೆ ಕೈ ಜಾರುವುದೆಲ್ಲಿ? 2004ರಲ್ಲಿ 'ಎಕ್ಸಿಬಿಷನಿಸ್ಟ್' ಎಂಬ ಡಿವಿಡಿ ತಂದು ಕ್ಯಾಮೆರಾವನ್ನು ತನ್ನ ಕೈಗಳ ಮೇಲೇ ಇಟ್ಟ. ನೋಡಲು ಮನಸ್ಸಿದ್ದವರಿಗೆ ಸಾಕ್ಷಿ ಅಲ್ಲೇ ಇದೆ.

ಅವನ ಇನ್ನೊಂದು ವಾದ್ಯ ರೋಲ್ಯಾಂಡ್ ಟಿಆರ್-909 ಎಂಬ ಡ್ರಮ್ ಯಂತ್ರ. 1983ರಲ್ಲಿ ಜಪಾನಿನಿಂದ ಬಂದ ಇದು ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲ ಎನಿಸಿಕೊಂಡು, ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ನಿಲ್ಲದೆ ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿತು. ಅಗ್ಗಕ್ಕೆ ಸಿಕ್ಕ ಅದನ್ನು ಡೆಟ್ರಾಯಿಟ್, ಶಿಕಾಗೋದ ಹುಡುಗರು ಎತ್ತಿಕೊಂಡರು. ಮಿಲ್ಸ್ ಅದನ್ನು ಬೆರಳುಗಳಿಂದ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವುದನ್ನು ನೋಡಿದರೆ ನನಗೆ ತನಿ ಆವರ್ತನ ನೆನಪಾಗುತ್ತದೆ: ಒಂದೇ ಲಯ, ಅದರೊಳಗೆ ಕೂಡಿಸುವುದು, ಕಳೆಯುವುದು, ಬಿಟ್ಟುಕೊಡುವುದು.

ಯಂತ್ರ, ಹೊರಗಿನದು, ಆತ್ಮವಿಲ್ಲದ್ದು ಎಂಬ ಆಪಾದನೆ ನಮಗೆ ಹೊಸತಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಇಂಥದ್ದೇ ಕಾರಣ ಕೊಟ್ಟು ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, ಮೂರು ದಶಕ ಒಳಗೆ ಬಿಡಲಿಲ್ಲ. ಅಷ್ಟೂ ಕಾಲ ನಮ್ಮ ಕಂಪನಿ ನಾಟಕಗಳು ಅದರ ಮೇಲೆಯೇ ನಡೆದವು. ಅಪಮಾನವಾದದ್ದು ಯಾರಿಗೆ, ವಾದ್ಯಕ್ಕೋ ಕಿವಿಗೋ? ತಮಟೆಯೂ ಅಷ್ಟೇ. ಕೇರಿಯಲ್ಲಿ ಬಡಿದರೆ ಗದ್ದಲ, ಅಕಾಡೆಮಿಯ ವೇದಿಕೆ ಹತ್ತಿದರೆ ಜಾನಪದ ಕಲೆ. ಬದಲಾದದ್ದು ಪೆಟ್ಟಲ್ಲ, ಎದುರು ಕೂತವರು. ಮಿಲ್ಸ್ ವಿಷಯದಲ್ಲೂ ನಾವು ಪಿಟೀಲುಗಳು ಬರುವವರೆಗೆ ಕಾದೆವು.

'ಡಿಜೆ ಎಂದರೆ ಗಣೇಶನ ಮೆರವಣಿಗೆಯಲ್ಲಿ ಎದೆ ನಡುಗಿಸುವ ಸ್ಪೀಕರುಗಳಲ್ಲವೇ?' ಎಂದು ಕೇಳುವವರಿದ್ದಾರೆ. ನಮ್ಮ ಊರುಗಳಲ್ಲಿ ಆ ಪದಕ್ಕೆ ಅದೇ ಅರ್ಥ ಬಂದಿದೆ, ನಿಜ. ಆಸ್ಪತ್ರೆಯ ಮುಂದೆ ಅದನ್ನು ನಿಲ್ಲಿಸುವ ಪೊಲೀಸರ ಪರವಾಗಿಯೇ ನಾನಿದ್ದೇನೆ. ಆದರೆ ಮೈಕಾಸುರನ ಕಾಟಕ್ಕೆ ಭೀಮಸೇನ ಜೋಶಿಯವರನ್ನು ಹೊಣೆ ಮಾಡುತ್ತೇವೆಯೇ? ಸದ್ದಿನ ಪ್ರಮಾಣ ಬೇರೆ, ಸದ್ದಿನ ಕಲೆ ಬೇರೆ.

ಇದು ಬರೀ ರುಚಿಯ ಜಗಳವಲ್ಲ. 2024ರಲ್ಲಿ ಬರ್ಲಿನ್ ನಗರದ ಟೆಕ್ನೋ ಸಂಸ್ಕೃತಿ ಜರ್ಮನಿಯ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿ ಸೇರಿತು. ಬರ್ಲಿನ್ ಅದಕ್ಕೆ ಅರ್ಹ. ಗೋಡೆ ಬಿದ್ದ ಮೇಲೆ, 1991ರಲ್ಲಿ ಹಳೆಯ ಮಳಿಗೆಯೊಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ತೆರೆದ 'ಟ್ರೆಸರ್' ಕ್ಲಬ್ಬು ಮಿಲ್ಸ್‌ನಂಥವರಿಗೆ ವೇದಿಕೆ ಕೊಟ್ಟಿತು, ಅವನ ರೆಕಾರ್ಡುಗಳನ್ನೂ ಹೊರತಂದಿತು. ಆದರೆ ಟೆಕ್ನೋ ಎಂದರೆ ಬರ್ಲಿನ್ ಎಂದೇ ನಂಬಿರುವ ಎಷ್ಟೋ ಕೇಳುಗರಿಗೆ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಕಪ್ಪು ಹುಡುಗರ ಹೆಸರು ಗೊತ್ತಿಲ್ಲ. ಕಲೆಯನ್ನು ಅದು ಹುಟ್ಟಿದ ಜಾಗದಲ್ಲಿ ಗುರುತಿಸದೆ ಅದು ಗೌರವಸ್ಥರ ಮನೆ ತಲುಪಿದ ಮೇಲೆ ಮಾತ್ರ ಗುರುತಿಸುವ ಅಭ್ಯಾಸದ ಫಲ ಇದು. ಹುಟ್ಟಿಸಿದವರು ಅಡಿಟಿಪ್ಪಣಿಯಾಗುತ್ತಾರೆ.

ಮಿಲ್ಸ್ ಆರ್ಕೆಸ್ಟ್ರಾ ಜೊತೆ ನುಡಿಸಲಿ, 1927ರ ಮೂಕಿಚಿತ್ರ 'ಮೆಟ್ರೊಪೊಲಿಸ್'ಗೆ ಸಂಗೀತ ಕೊಡಲಿ, ನೈಜೀರಿಯಾದ ಡ್ರಮ್ಮರ್ ಟೋನಿ ಆ್ಯಲನ್ ಜೊತೆ ಕೂತದ್ದೂ ಚೆನ್ನಾಗಿಯೇ ಇತ್ತು. ಅವೆಲ್ಲ ಅವನ ಕುತೂಹಲದ ಕವಲುಗಳು, ಬಡ್ತಿಯಲ್ಲ. ಅವನನ್ನು ಅಳೆಯಬೇಕೆಂದಿದ್ದರೆ ಫಿಲಾರ್ಮೋನಿಕ್ ಬದಿಗಿಡಿ. ಲಿಕ್ವಿಡ್ ರೂಮ್ ಹಾಕಿ, ದೀಪ ಆರಿಸಿ, ಒಂದು ಗಂಟೆ ಪೂರ್ತಿ ಕೇಳಿ. ಅನಂತರವೂ ಇದು ಕಲೆಯಲ್ಲ ಅನಿಸಿದರೆ ಹಾಗೆಂದು ವಾದಿಸಿ, ನಾನು ಕೇಳಿಸಿಕೊಳ್ಳುತ್ತೇನೆ. ಕೇಳದೆಯೇ ಕೊಡುವ ಗೌರವವನ್ನು ಮಾತ್ರ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.